ಗಂಜ್ ನೋಡಿದ್ದೀರಾ?

ವಿಜಯಪುರಕ್ಕೆ ಬಂದ ನೆಂಟರನ್ನು ಎಲ್ಲರೂ ಮೊದಲು ಗೋಲಗುಮ್ಮಟಕ್ಕೆ ಕರೆದೊಯ್ಯುತ್ತಾರೆ. ನಾನು ತಿಕೋಟಾ ಬಸ್ಸು ಹತ್ತಿಸಿ ತೊರವಿಯಲ್ಲಿ ಇಳಿಸುತ್ತೇನೆ. ಹಳೆಯ ನೀರಿನ ಜಾಡು ಹಿಡಿದು ತಿರುಗುವ ನನ್ನ ಗೀಳಿಗೆ ಅಲ್ಲಿಯೇ ಮೊದಲ ಪಾಠವಿದೆ.

ಒಂದನೇ ಅಲಿ ಆದಿಲ್‌ಶಾಹ (1557–1580) ತೊರವಿಯ ನೀರನ್ನು ನೆಲದಡಿಯ ಸುರಂಗದಲ್ಲಿ ನಗರಕ್ಕೆ ಹರಿಸಿದ. ಇದು ಪರ್ಷಿಯಾದ ಕರೇಜ್, ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ವಿದ್ಯೆ. ಬೀದರಿನ ನೌಬಾದಿನಲ್ಲೂ ಇದೆ. ಎತ್ತು, ಹಗ್ಗ, ಗಾಲಿ ಯಾವುದೂ ಬೇಡ, ಇಳಿಜಾರೇ ಸಾಕು. ಅಲ್ಲಲ್ಲಿ ಗಾಳಿಗೆ, ಹೂಳೆತ್ತಲು ಬಾವಿಯಂಥ ಕಿಂಡಿಗಳು. ನಮ್ಮ ಬಿಸಿಲಿಗೆ ನೀರು ಆರುವುದೂ ಇಲ್ಲ, ಮೇಲಿನ ಹೊಲಸು ಸುಲಭಕ್ಕೆ ಸೇರುವುದೂ ಇಲ್ಲ.

ನನಗೆ ಅದಕ್ಕಿಂತ ಪ್ರಿಯವಾದದ್ದು ಗಂಜ್. ಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹನೇ 1651ರಲ್ಲಿ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ, ಗಚ್ಚಿನೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ತಂದ. ಸುಟ್ಟ ಮಣ್ಣು ನೀರಿನ ಒತ್ತಡ ತಾಳೀತೇ? ಅದಕ್ಕೇ ದಾರಿಯಲ್ಲಿ ಚೌಕಾಕಾರದ ಕಲ್ಲಿನ ಗೋಪುರಗಳನ್ನು ನಿಲ್ಲಿಸಿದರು. ಇವೇ ಗಂಜ್‌ಗಳು. ನೀರು ಗೋಪುರದೊಳಗೆ ಮೇಲೇರಿ ತೆರೆದ ಗಾಳಿಗೆ ಮುಖವೊಡ್ಡುತ್ತದೆ, ಒತ್ತಡ ಇಳಿಸಿಕೊಂಡು ಮುಂದೆ ಸಾಗುತ್ತದೆ. ಹೂಳು ತಳದಲ್ಲೇ ಉಳಿಯುತ್ತದೆ. ಕೊಳವೆ ಒಡೆಯದಂತೆ ಕಾಯುವುದು, ನೀರು ತಿಳಿಯಾಗಿಸುವುದು, ಎರಡೂ ಒಂದೇ ಕಟ್ಟಡದ ಕೆಲಸ! 44 ಮೀಟರ್ ಅಗಲದ ಗುಮ್ಮಟದ ಕೆಳಗೆ ಪಿಸುಮಾತು ಮರುದನಿಸಿದಾಗ ಬೆರಗಾಗುವ ನಾವು, ಗಂಜ್‌ಗಳ ಪಕ್ಕದಲ್ಲಿ ಅವೇನೆಂದೂ ಕೇಳದೆ ಹಾದುಹೋಗುತ್ತೇವೆ. ನನ್ನ ಮಟ್ಟಿಗೆ ಜಾಣ್ಮೆಯಲ್ಲಿ ಗಂಜ್ ಒಂದು ಕೈ ಮೇಲೆ.

ಹೂಳನ್ನು ಇಷ್ಟು ಜತನದಿಂದ ತಡೆದವರ ಊರಿನಲ್ಲಿ ಬಾವಡಿಗಳಿಗೆ, ಅಂದರೆ ಮೆಟ್ಟಿಲುಬಾವಿಗಳಿಗೆ, ಆದದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಣಿಯ ಹೆಸರಿನ ತಾಜ್ ಬಾವಡಿಗೆ ನಾವು ಕಸ ಸುರಿದೆವು, ಗಣಪತಿ ವಿಸರ್ಜಿಸಿದೆವು. ಬಾವಡಿಯ ನೀರು ಹೊಳೆಯಂತೆ ಹರಿದುಹೋಗುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಕರಗುವುದಿಲ್ಲ. ಹಾಕಿದ್ದೆಲ್ಲ ತಳದಲ್ಲಿ ಪದರ ಪದರವಾಗಿ ಕೂತಿತು. ಈಚಿನ ವರ್ಷಗಳಲ್ಲಿ ಹಲವು ಬಾವಡಿಗಳ ಹೂಳು ತೆಗೆದರು, ತಿಳಿನೀರು ಮತ್ತೆ ಬಂತು. ವಿಶ್ವ ಸ್ಮಾರಕ ನಿಧಿ ದಖ್ಖನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ತನ್ನ 2020ರ ಕಾಳಜಿಯ ಪಟ್ಟಿಗೆ ಸೇರಿಸಿತು. ಆ ಸುದ್ದಿ ಓದಿದ ದಿನ ನಾನು ಸಂಜೆವರೆಗೆ ತಾಜ್ ಬಾವಡಿಯ ಮೆಟ್ಟಿಲ ಮೇಲೆ ಕೂತಿದ್ದೆ.

ಮುಂದಿನ ರವಿವಾರ ಬಬಲೇಶ್ವರದ ಕಡೆ ಹೊರಡಿ. ಆ ತಾಲ್ಲೂಕಿನ ಮಮದಾಪುರದಲ್ಲಿ ಇದೇ ಮಹಮ್ಮದ್ 1633ರಲ್ಲಿ ಕಟ್ಟಿಸಿದ ಕೆರೆಯಿದೆ. ಬಿಸಿಲೇರುವ ಮೊದಲೇ ಏರಿ ಹತ್ತಿ, ಮೊದಲು ತೂಬು ಎಲ್ಲಿದೆ ಎಂದು ಹುಡುಕಿ.