ಬೆಳಗಿನ ಸಾಧನೆಯ ಭಾರ ಯಾರ ಹೆಗಲಿಗೆ?

ನಾಲ್ಕೂವರೆಗೆ ಏಳಬೇಕು. ಮೊಬೈಲ್ ಮುಟ್ಟಬಾರದು. ತಣ್ಣೀರ ಸ್ನಾನ, ಪ್ರಾಣಾಯಾಮ, ಧ್ಯಾನ, ನಾಲ್ಕು ಪುಟ ಓದು, ಡೈರಿಯಲ್ಲಿ ಕೃತಜ್ಞತೆಯ ಮೂರು ಸಾಲು. ಇಷ್ಟು ಮಾಡಿದವರ ಬದುಕು ಬದಲಾಗುತ್ತದೆ, ಮಾಡದವರು ಹಿಂದೆ ಬೀಳುತ್ತಾರೆ. ಕನ್ನಡದ ಯೂಟ್ಯೂಬ್ ಚಾನೆಲ್‌ಗಳಲ್ಲಿ, ಕಂಪನಿಗಳ ತರಬೇತಿ ಶಿಬಿರಗಳಲ್ಲಿ, ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಹಾಲ್ ಎಲ್‌ರಾಡ್ 2012ರಲ್ಲಿ ಪ್ರಕಟಿಸಿದ ‘ದಿ ಮಿರಾಕಲ್ ಮಾರ್ನಿಂಗ್’, ರಾಬಿನ್ ಶರ್ಮಾ 2018ರಲ್ಲಿ ತಂದ ‘ದಿ 5 ಎಎಂ ಕ್ಲಬ್’ ಈ ಸೂತ್ರವನ್ನು ಜಗತ್ತಿಗೆ ಹಂಚಿದವು. ನಮ್ಮಲ್ಲಿ ಅದಕ್ಕೆ ಬ್ರಾಹ್ಮೀ ಮುಹೂರ್ತದ ಹೆಸರೂ ಸೇರಿಕೊಂಡು ಶಾಸ್ತ್ರದ ಗೌರವ ಬಂದುಬಿಟ್ಟಿದೆ.

ಬೆಳಗಿನ ಹೊತ್ತಿನ ಬಗ್ಗೆ ನನ್ನ ತಕರಾರಿಲ್ಲ. ದಿನಕ್ಕೊಂದು ನೇಮ ಬೇಕೆಂಬುದನ್ನೂ ಒಪ್ಪುತ್ತೇನೆ. ನೇಮವಿಲ್ಲದ ಮನಸ್ಸು ಎಷ್ಟು ಚೆಲ್ಲಾಪಿಲ್ಲಿಯಾಗುತ್ತದೆಂದು ನಮಗೆಲ್ಲ ಗೊತ್ತು. ನನ್ನ ವಿರೋಧ ಇರುವುದು ಎರಡು ನಂಬಿಕೆಗಳಿಗೆ. ಎಷ್ಟು ಬೇಗ ಎದ್ದರೆ ಅಷ್ಟು ದೊಡ್ಡ ಸಾಧನೆ ಎಂಬುದು ಒಂದು. ಮನೆಯ ಕೆಲಸದಿಂದ ಬಿಡಿಸಿಕೊಂಡು ಒಬ್ಬನೇ ಕುಳಿತ ಹೊತ್ತೇ ಅಧ್ಯಾತ್ಮ ಎಂಬುದು ಇನ್ನೊಂದು. ಮೊದಲನೆಯದು ದೇಹಕ್ಕೆ ಮಾಡುವ ಅನ್ಯಾಯ, ಎರಡನೆಯದು ಮನೆಯವರಿಗೆ ಮಾಡುವ ಅನ್ಯಾಯ. ಶಾಸ್ತ್ರದ ಹೆಸರು ಹೇಳಿಕೊಂಡು ಬಂದರೂ ಎರಡಕ್ಕೂ ನಮ್ಮ ಶಾಸ್ತ್ರವಾಗಲೀ ನಮ್ಮ ನೆಲದ ನಡೆಯಾಗಲೀ ಪೂರ್ತಿ ಒತ್ತಾಸೆ ಕೊಡುವುದಿಲ್ಲ.

ಮೊದಲು ಹೊತ್ತಿನ ವಿಚಾರ. ಬ್ರಾಹ್ಮೀ ಮುಹೂರ್ತವೆಂದರೆ ನಾಲ್ಕು ಗಂಟೆ ಎಂದು ಬಹಳ ಜನ ತಿಳಿದಿದ್ದಾರೆ. ಲೆಕ್ಕ ಹಾಗಿಲ್ಲ. ಒಂದು ಮುಹೂರ್ತಕ್ಕೆ 48 ನಿಮಿಷ. ಸೂರ್ಯೋದಯಕ್ಕೆ 96 ನಿಮಿಷ ಇರುವಾಗ ಬ್ರಾಹ್ಮೀ ಮುಹೂರ್ತ ಶುರುವಾಗಿ, 48 ನಿಮಿಷ ಉಳಿದಿರುವಾಗ ಮುಗಿಯುತ್ತದೆ. ಬೆಂಗಳೂರಿನಲ್ಲಿ ಜೂನ್ ಮೊದಲ ವಾರ ಸೂರ್ಯ ಹುಟ್ಟುವುದು ಸುಮಾರು 5.52ಕ್ಕೆ, ಜನವರಿ ಕೊನೆಗೆ ಸುಮಾರು 6.46ಕ್ಕೆ. ಅಂದರೆ ಜೂನಿನಲ್ಲಿ ನಾಲ್ಕೂಕಾಲಿಗೆ ಬರುವ ಮುಹೂರ್ತ ಜನವರಿಯಲ್ಲಿ ಐದು ದಾಟಿದ ಮೇಲೆ ಬರುತ್ತದೆ. ಋತುವಿನ ಜೊತೆ ಸರಿಯುವ ಹೊತ್ತನ್ನು ಅಲಾರಂ ಅಂಕಿಗೆ ಕಟ್ಟಿಹಾಕಿದ್ದು ನಾವು.

ಹೊತ್ತಿಗಿಂತ ಮುಖ್ಯವಾದದ್ದು ಆ ವಿಧಿಗೆ ಇರುವ ಷರತ್ತು. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬುದಕ್ಕೆ ಎಲ್ಲರೂ ಆಧಾರವಾಗಿ ತೋರಿಸುವುದು ವಾಗ್ಭಟನ ‘ಅಷ್ಟಾಂಗಹೃದಯ’ದ ದಿನಚರ್ಯೆಯ ಅಧ್ಯಾಯವನ್ನು. ಅಲ್ಲಿ ವಾಗ್ಭಟ ಆ ಹೊತ್ತಿಗೆ ಏಳಿ ಎನ್ನುವುದು ಆರೋಗ್ಯವಂತರಿಗೆ ಮಾತ್ರ. ದೇಹದ ಸ್ಥಿತಿಯನ್ನು ಗಮನಿಸಿಕೊಳ್ಳುವಂತೆಯೂ ಹೇಳುತ್ತಾನೆ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ ಮುಂದೆ ನಿದ್ರೆಯ ಮಾತು ಬಂದಾಗ, ರೂಢಿಯಿಲ್ಲದೆ ರಾತ್ರಿ ಎಚ್ಚರವಿದ್ದವರು ಕಳೆದುಕೊಂಡ ನಿದ್ರೆಯ ಅರ್ಧದಷ್ಟನ್ನು ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಲಗಿ ತುಂಬಿಕೊಳ್ಳಬೇಕೆಂದಿದೆ. ಬೇಸಿಗೆಯ ರಾತ್ರಿ ಚಿಕ್ಕದಾದ್ದರಿಂದ ಹಗಲು ನಿದ್ರೆಗೂ ಆಯುರ್ವೇದ ಒಪ್ಪಿಗೆ ಕೊಡುತ್ತದೆ. ಮೊದಲಿನ ಮಾತನ್ನು ಎತ್ತಿಕೊಂಡವರು ಈ ಮಾತುಗಳನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಮನೆಗೆ ಬರುವ ನರ್ಸ್‌ಗೆ ಬೆಳಗಿನ ನಿದ್ರೆಯೇ ಶಾಸ್ತ್ರ ಹೇಳಿದ ಆರೈಕೆ. ಅವಳನ್ನು ಸೋಮಾರಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ವಿಜ್ಞಾನದ ಮಾತೂ ಇದಕ್ಕೆ ದೂರವಿಲ್ಲ. ಜೀವಕೋಶದೊಳಗಿನ ಗಡಿಯಾರ ಹೇಗೆ ನಡೆಯುತ್ತದೆಂದು ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಈ ಗಡಿಯಾರ ಎಲ್ಲರಲ್ಲೂ ಒಂದೇ ಹೊತ್ತಿಗೆ ಬಡಿಯುವುದಿಲ್ಲ. ಕೆಲವರು ಹುಟ್ಟಾ ಬೇಗ ಏಳುವವರು, ಕೆಲವರು ತಡವಾಗಿ ಏಳುವವರು. ಹದಿಹರೆಯದಲ್ಲಂತೂ ಅದು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಆ ವಯಸ್ಸಿನವರಿಗೆ ನಿದ್ರೆ ಹತ್ತುವುದೂ ತಡ, ಬಿಡುವುದೂ ತಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೈಸ್ಕೂಲುಗಳು ಎಂಟೂವರೆಗೆ ಮೊದಲು ಶುರುವಾಗಬಾರದೆಂದು ಸಲಹೆ ಕೊಟ್ಟಿತು. ನಾವು ಇಲ್ಲಿ ಪಿಯುಸಿ ಓದುವ ಮಕ್ಕಳನ್ನು ರಾತ್ರಿ ಹನ್ನೊಂದರವರೆಗೆ ಓದಿಸಿ, ಬೆಳಗಿನ ಜಾವ ಓದಿದ್ದೇ ತಲೆಗೆ ಹತ್ತುವುದೆಂದು ನಾಲ್ಕಕ್ಕೆ ಎಬ್ಬಿಸಿ, ಆರಕ್ಕೆ ಟ್ಯೂಷನ್ನಿಗೆ ಕಳಿಸುತ್ತೇವೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ಅದನ್ನೇ ಕತ್ತರಿಸಿ ಓದಿಗೆ ಸೇರಿಸುತ್ತೇವೆ.

ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಒಮ್ಮತದ ಮಾತು. ನಾಲ್ಕೂವರೆಗೆ ಏಳುವವರು ಒಂಬತ್ತೂವರೆಗೆ ಮಲಗಿರಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಂಟೂವರೆಗೆ ಮನೆ ಸೇರುವವರ ಮನೆಯಲ್ಲಿ ಊಟ ಮುಗಿದು, ಪಾತ್ರೆ ತೊಳೆದು, ಮಗುವನ್ನು ಮಲಗಿಸಿ, ಮರುದಿನದ ತಿಂಡಿಗೆ ನೆನೆಹಾಕಿ, ಒಂಬತ್ತೂವರೆಗೆ ದೀಪ ಆರಿಸಲು ಯಾರಿಗೆ ಸಾಧ್ಯ? ಆ ಕೆಲಸಗಳನ್ನು ಬೇರೆ ಯಾರಾದರೂ ಮಾಡಿಕೊಡುವ ವ್ಯಕ್ತಿಗೆ ಮಾತ್ರ. ಹೊತ್ತಿನ ಪ್ರಶ್ನೆ ಹೀಗೆ ತಾನಾಗಿಯೇ ಹೆಗಲಿನ ಪ್ರಶ್ನೆಯಾಗುತ್ತದೆ.

ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ದೇಶದ ಜನ ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ಹೆಂಗಸರ ಪೈಕಿ ಶೇ 81ರಷ್ಟು ಮಂದಿ ತೊಡಗಿದ್ದರು, ಗಂಡಸರಲ್ಲಿ ಶೇ 26 ಮಾತ್ರ. ತೊಡಗಿದವರ ಪೈಕಿಯೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ನಸುಕಿಗೇ ಎದ್ದು ನೀರು ಹಿಡಿದು, ಅನ್ನ ಸಾರು ಮಾಡಿ, ಎಲ್ಲರ ಡಬ್ಬಿ ಕಟ್ಟಿ, ಬಸ್ಸಿಗೆ ಓಡುತ್ತಾಳೆ. ಪೌರಕಾರ್ಮಿಕರು ಬೆಳಕು ಹರಿಯುವಷ್ಟರಲ್ಲಿ ಮಸ್ಟರಿಂಗ್‌ಗೆ ನಿಂತಿರುತ್ತಾರೆ. ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಮೂಟೆ ಬಿಚ್ಚುವವರು, ನಂದಿನಿ ಬೂತಿಗೆ ಕ್ರೇಟು ಇಳಿಸುವವರು, ಪೇಪರ್ ಹಾಕುವ ಹುಡುಗರು, ಇವರೆಲ್ಲ ಆ ಹೊತ್ತಿಗೆ ಎದ್ದವರೇ. ಬೇಗ ಏಳುವುದರಿಂದಲೇ ಬದುಕು ಬದಲಾಗುವುದಾದರೆ ಎಲ್ಲರಿಗಿಂತ ಮೊದಲು ಇವರ ಬದುಕು ಬದಲಾಗಬೇಕಿತ್ತು. ಆಗಿಲ್ಲ. ಬೆಳಗಿನ ಸಾಧನೆಯ ಪುಸ್ತಕಗಳು ಯಶಸ್ವಿ ಜನರ ಪಟ್ಟಿ ಕೊಡುವಾಗ ಇವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಹಿಡಿದರೆ ಸೂತ್ರ ನಿಲ್ಲುವುದಿಲ್ಲ.

ಅಧ್ಯಾತ್ಮದ ಮಾತು ಬೇರೆ, ಮನೆಗೆಲಸದ ಲೆಕ್ಕ ಬೇರೆ ಎನ್ನುವವರಿದ್ದಾರೆ. ಕರ್ನಾಟಕದಲ್ಲಿ ಹುಟ್ಟಿದ ಅಧ್ಯಾತ್ಮ ಅದನ್ನು ಒಪ್ಪಿಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಇದೇ ಪ್ರಶ್ನೆ ಚರ್ಚೆಯಾಗಿದೆ. ನುಲಿಯ ಚಂದಯ್ಯ ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿದೆ. ಚಂದಯ್ಯ ಕಾಯಕ ನಿಲ್ಲಿಸಲಿಲ್ಲ. ಲಿಂಗವೇ ಅವನ ಹಿಂದೆ ಬರಬೇಕಾಯಿತು. ಕಾಯಕದಲ್ಲಿ ಮುಳುಗಿದವನು ಲಿಂಗಪೂಜೆಯನ್ನು ಮರೆತರೂ ತಪ್ಪಿಲ್ಲವೆಂಬ ನಿಲುವು ಆಯ್ದಕ್ಕಿ ಮಾರಯ್ಯನದು. ಆ ಮಾರಯ್ಯನೇ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ ಕಾಯಕ ನಿಂತುಹೋಯಿತೆಂದು ಎಚ್ಚರಿಸಿದವಳು ಅವನ ಹೆಂಡತಿ ಲಕ್ಕಮ್ಮ. ಇಷ್ಟಲಿಂಗ ಪೂಜೆಯನ್ನು ನಿತ್ಯದ ನೇಮವಾಗಿ ಕೊಟ್ಟ ಪರಂಪರೆಯೇ, ಆ ನೇಮ ದುಡಿಮೆಯಿಂದ ತಪ್ಪಿಸಿಕೊಳ್ಳುವ ನೆಪವಾಗಬಾರದೆಂದು ಕಾವಲು ಕಾಯ್ದಿತು.

ಹಳ್ಳಿಯ ಹೆಂಗಸರ ಬೆಳಗನ್ನು ನೋಡಿ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಗ್ರಹದಲ್ಲಿ ಕೂಡಿಟ್ಟ ತ್ರಿಪದಿಗಳ ಹಿಂದೆ ಬೀಸುವ ಕಲ್ಲಿನ ಸದ್ದಿದೆ. ಇನ್ನೂ ಕತ್ತಲಿರುವಾಗ ಎದ್ದು ಜೋಳ ಬೀಸುತ್ತಾ ಅವರು ದೇವರನ್ನು, ಭೂಮಿಯನ್ನು, ತವರನ್ನು ನೆನೆದರು. ಇಂದಿನ ಶಿಬಿರಗಳು ಕಲಿಸುವ ಕೃತಜ್ಞತೆ, ಲಯಬದ್ಧ ಉಸಿರು, ಒಂದೇ ಕಡೆ ನೆಲೆಸಿದ ಗಮನ ಎಲ್ಲವೂ ಅಲ್ಲಿತ್ತು. ಆ ದುಡಿಮೆ ಕಠಿಣವಾಗಿತ್ತು, ಹಿಟ್ಟಿನ ಗಿರಣಿ ಬಂದು ಅವರ ರಟ್ಟೆಗೆ ಬಿಡುವು ಕೊಟ್ಟದ್ದು ಒಳ್ಳೆಯದೇ ಆಯಿತು. ಆದರೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆಯುವುದನ್ನು ಮನೆಗೆಲಸದ ಪಟ್ಟಿಗೆ ಸೇರಿಸಿ, ಮ್ಯಾಟ್ ಹಾಸಿ ಕಣ್ಣು ಮುಚ್ಚುವುದನ್ನಷ್ಟೇ ಸಾಧನೆ ಎಂದು ಕರೆಯುವ ಭೇದವನ್ನು ನಾನು ಒಪ್ಪಲಾರೆ.

ಸಂಪ್ರದಾಯಕ್ಕೆ ಅಳತೆಯೂ ಗೊತ್ತಿತ್ತು. ಧನುರ್ಮಾಸದಲ್ಲಿ ನಸುಕಿಗೇ ಎದ್ದು ಚಳಿಯಲ್ಲಿ ದೇವಸ್ಥಾನಕ್ಕೆ ಹೋಗುತ್ತಾರೆ, ಪೂಜೆ ಮುಗಿಸಿ ಬಿಸಿ ಹುಗ್ಗಿಯ ಪ್ರಸಾದ ಹಂಚಿಕೊಂಡು ತಿನ್ನುತ್ತಾರೆ. ಡಿಸೆಂಬರ್ ನಡುವೆ ಶುರುವಾದದ್ದು ಸಂಕ್ರಾಂತಿಗೆ ಮುಗಿಯುತ್ತದೆ. ಅದಕ್ಕೆ ಆರಂಭವಿದೆ, ಕೊನೆಯಿದೆ, ಜೊತೆಗೆ ನಡೆಯುವ ಜನರಿದ್ದಾರೆ. ವರ್ಷದ ಮುನ್ನೂರ ಅರವತ್ತೈದು ದಿನವೂ ಒಬ್ಬಂಟಿಯಾಗಿ ತನ್ನನ್ನು ಪರೀಕ್ಷೆಗೆ ಒಡ್ಡಿಕೊಂಡು, ಒಂದು ದಿನ ತಪ್ಪಿದರೆ ಪಾಪಪ್ರಜ್ಞೆಯಲ್ಲಿ ಬೇಯಬೇಕೆಂಬ ಕಟ್ಟಳೆ ಆ ವ್ರತದಲ್ಲಿಲ್ಲ.

ಗಾಂಧೀಜಿಯ ಆಶ್ರಮದಲ್ಲಿ ನಾಲ್ಕಕ್ಕೆ ಏಳುತ್ತಿದ್ದರಲ್ಲ ಎಂದು ಕೇಳುವವರಿಗೆ ಉತ್ತರ ಆಶ್ರಮದಲ್ಲೇ ಇದೆ. ಸಾಬರಮತಿಯಲ್ಲಿ ನಾಲ್ಕಕ್ಕೆ ಏಳುವ ಗಂಟೆ ಬಾರಿಸಿದಂತೆ ರಾತ್ರಿ ಒಂಬತ್ತಕ್ಕೆ ಮಲಗುವ ಗಂಟೆಯೂ ಬಾರಿಸುತ್ತಿತ್ತು. ಪ್ರಾರ್ಥನೆ ಎಲ್ಲರೂ ಕೂಡಿ ಮಾಡುವಂಥದ್ದು. ಅಡುಗೆಯಿಂದ ಪಾಯಿಖಾನೆ ಶುಚಿಮಾಡುವವರೆಗಿನ ಕೆಲಸ ಎಲ್ಲರ ಪಾಲಿಗೂ ಬರುತ್ತಿತ್ತು. ಈ ಮೂರನ್ನೂ ಬಿಟ್ಟು ನಾಲ್ಕು ಗಂಟೆಯನ್ನಷ್ಟೇ ಎರವಲು ತಂದರೆ ಅದು ಗಾಂಧೀಜಿಯ ಬೆಳಗಾಗುವುದಿಲ್ಲ.

ಹಾಗಿದ್ದರೆ ಮೌನದ ಏಕಾಂತ ಬೇಡವೇ? ಬೇಕು, ಖಂಡಿತ ಬೇಕು. ಗದ್ದಲದ ದಿನಕ್ಕೆ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂರುವುದರಿಂದ ಸಿಡುಕು ತಗ್ಗುತ್ತದೆ, ಮಾತು ಹದವಾಗುತ್ತದೆ. ಅದು ಅಷ್ಟು ಒಳ್ಳೆಯದಾಗಿರುವುದರಿಂದಲೇ ಮನೆಯಲ್ಲಿ ಒಬ್ಬರ ಪಾಲಾಗಬಾರದು ಎನ್ನುತ್ತೇನೆ. ಒಳಗೆ ಧ್ಯಾನ ನಡೆಯುವಾಗ ಮಿಕ್ಸಿಯ ಸದ್ದಾಗದಂತೆ ನೋಡಿಕೊಳ್ಳುವ ಹೆಂಡತಿಗೆ, ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುವ ಅತ್ತೆಗೆ ಯಾವ ಏಕಾಂತ ಸಿಕ್ಕಿತು?

ಬೆಳಗಿನ ನೇಮ ಕಟ್ಟಿಕೊಳ್ಳಬೇಕೆನ್ನುವವರು ಹಿಂದಿನ ರಾತ್ರಿಯಿಂದ ಶುರುಮಾಡಲಿ. ಪಾತ್ರೆ ತೊಳೆದು, ತರಕಾರಿ ಹೆಚ್ಚಿಟ್ಟು, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಮನೆಯವರೆಲ್ಲ ಒಂದೇ ಹೊತ್ತಿಗೆ ಮಲಗಲಿ. ಏಳುವ ಹೊತ್ತು ನಾಲ್ಕಾಗಲಿ ಆರೂವರೆಯಾಗಲಿ, ದಿನವೂ ಒಂದೇ ಇರಲಿ. ದೇಹದ ಗಡಿಯಾರ ಕೇಳುವುದು ಕ್ರಮವನ್ನು. ಎದ್ದ ಮೇಲೆ ಕಿಟಕಿ ತೆರೆದು ಬೆಳಕಿಗೆ ಮುಖವೊಡ್ಡಿ. ಒಬ್ಬರು ಕೂರುವಾಗ ಇನ್ನೊಬ್ಬರು ಒಲೆ ನೋಡಿಕೊಳ್ಳಲಿ, ನಂತರ ಪಾಳಿ ಬದಲಾಗಲಿ. ಹಾಲು ಕಾಯಿಸುವುದು, ಹಾಸಿಗೆ ಮಡಚುವುದು, ಅಪ್ಪನಿಗೆ ಬಿ.ಪಿ. ಮಾತ್ರೆ ಕೊಡುವುದು, ಇವನ್ನು ಅವಸರವಿಲ್ಲದೆ ಗಮನಕೊಟ್ಟು ಮಾಡಿದರೆ ಅವೂ ಉಪಾಸನೆಯೇ.

ಈ ನೇಮ ಫಲಿಸಿದೆಯೇ ಎಂದು ತಿಳಿಯಲು ಆ್ಯಪ್ ಬೇಕಿಲ್ಲ. ಒಂದು ತಿಂಗಳಾದ ಮೇಲೆ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವರನ್ನು ಕೇಳಿ: ನಿಮ್ಮ ಬೆಳಗು ಹಗುರಾಗಿದೆಯೇ? ಹೌದೆಂಬ ಉತ್ತರ ಬಾರದೆ ಹೋದರೆ ಧ್ಯಾನದ ಅವಧಿ ಹೆಚ್ಚಿಸುವುದರಿಂದ ಏನೂ ಸಿಗದು. ಒಬ್ಬನಿಗೆ ಒಂದೂವರೆ ಗಂಟೆಯ ಏಕಾಂತ ಕೊಟ್ಟ ಮನೆಗಿಂತ, ಎಲ್ಲರಿಗೂ ಹದಿನೈದು ನಿಮಿಷ ದಕ್ಕುವಂತೆ ಕೆಲಸ ಹಂಚಿಕೊಂಡ ಮನೆ ದೊಡ್ಡ ಸಾಧನೆ ಮಾಡಿದೆ ಎಂದೇ ನಾನು ನಂಬುತ್ತೇನೆ.