‘ಜನತಾ ಬಜಾರ’: ಒಂದು ಹೆಸರಿನ ಬರಹಭೇದ

ಬಳಕೆದಾರರ ಸಹಕಾರಿ ಸಂಘಗಳು ನಡೆಸುತ್ತಿದ್ದ ಜನತಾ ಬಜಾರಗಳಲ್ಲಿ ಅನೇಕವು ಬಾಗಿಲು ಮುಚ್ಚಿವೆ. ಅಂಗಡಿಯು ಹೋದ ಮೇಲೆ ಉಳಿಯುವುದು ಬರಹದಲ್ಲಿಯ ಹೆಸರೊಂದೇ; ಆ ಹೆಸರಾದರೂ ಒಂದೇ ಆಗಿ ಉಳಿದಿಲ್ಲ. ಉತ್ತರಪದವು ಬಜಾರ, ಬಜಾರು, ಬಜಾರ್, ಬಾಜಾರ ಎಂದು ನಾಲ್ಕು ಬಗೆಯಾಗಿಯೂ, ಪೂರ್ವಪದವು ಜನತಾ, ಜನತ ಎಂದು ಎರಡು ಬಗೆಯಾಗಿಯೂ ಕಾಣಬರುತ್ತದೆ. ಇದನ್ನು ಫಲಕ ಬರೆಯುವವನ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಯುಕ್ತವಲ್ಲ. ಒಂದೊಂದು ರೂಪಕ್ಕೂ ಅದರದೇ ಆದ ಕಾರಣವುಂಟು. ಆ ಕಾರಣಗಳನ್ನು ಅರಿಯುವುದಕ್ಕೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ಊರುಗಳ ಹೆಸರುಗಳೇ ಒಳ್ಳೆಯ ಸಾಧನಗಳಾಗಿವೆ.

ಪೂರ್ವಪದದ ವಿಚಾರವು ಚಿಕ್ಕದು. ‘ಜನತಾ’ ಎಂಬುದು ಸಂಸ್ಕೃತದ ಆಕಾರಾಂತ ಶಬ್ದ. ಮಾಲಾ ಶಬ್ದವು ಮಾಲೆಯಾಗುವಂತೆ ಇದು ಕನ್ನಡದಲ್ಲಿ ‘ಜನತೆ’ಯಾಗುತ್ತದೆ, ಸಮಾಸದಲ್ಲಿ ಮಾತ್ರ ಆಕಾರವು ನಿಲ್ಲುತ್ತದೆ. ಆದರೆ ಇಲ್ಲಿಯ ಉತ್ತರಪದವು ಪಾರಸಿಯದು. ಕೇಶಿರಾಜನು 13ನೆಯ ಶತಮಾನದಲ್ಲಿ ಸಂಸ್ಕೃತ ಕನ್ನಡಗಳ ಬೆರಕೆಯನ್ನು ಅರಿಸಮಾಸವೆಂದು ಕರೆದನು. ಈ ಸಮಾಸದಲ್ಲಿ ಅರಿಯೂ ಹೊಸಬನೇ. ಅದು ಹೇಗಾದರೂ ಇರಲಿ, ರೂಢಿಯು ‘ಜನತಾ’ ರೂಪವನ್ನು ಒಪ್ಪಿದೆ. ‘ಜನತ’ ಎಂಬುದಕ್ಕೆ ಮಾತ್ರ ವ್ಯಾಕರಣದ ಬೆಂಬಲವೂ ಇಲ್ಲ, ನುಡಿಯ ಬೆಂಬಲವೂ ಇಲ್ಲ. ರೋಮನ್ ಲಿಪಿಯಲ್ಲಿ ಹ್ರಸ್ವದೀರ್ಘಗಳಿಗೆ ಒಂದೇ ಅಕ್ಷರವಿರುವುದರಿಂದ ಅದು ಹುಟ್ಟಿದಂತೆ ತೋರುತ್ತದೆ. ಅದೇ ಲಿಪಿಯ ಇನ್ನೊಂದು ತೊಡಕೂ ಇದೆ. ದಕ್ಷಿಣದವರು ತಕಾರವನ್ನು ‘ಟಿ’, ‘ಎಚ್’ ಎಂಬ ಎರಡು ಅಕ್ಷರಗಳಿಂದ ಬರೆಯುವುದುಂಟು. ಅಥಣಿಯ ಹೆಸರಿನಲ್ಲಿ ಅವೇ ಅಕ್ಷರಗಳು ಥಕಾರವನ್ನು ಸೂಚಿಸುತ್ತವೆ. ತನ್ನ ಊರಿನ ಹೆಸರನ್ನು ಓದುವ ರೀತಿಯಲ್ಲಿಯೇ ಅಥಣಿಯವನು ಅಂಗಡಿಯ ಹೆಸರನ್ನೂ ಓದಿದರೆ ‘ಜನಥಾ’ ಆಗಬೇಕಾದೀತು!

ಉತ್ತರಪದದಲ್ಲಿ ವಿಷಯವು ಹೆಚ್ಚು ಗಹನವಾಗಿದೆ. ಪಾರಸಿಯ ಮೂಲರೂಪದಲ್ಲಿ ಎರಡು ಸ್ವರಗಳೂ ದೀರ್ಘ. ಮರಾಠಿಯು ಅವೆರಡನ್ನೂ ಉಳಿಸಿಕೊಂಡು ‘ಬಾಜಾರ’ ಎಂದಿತು. ಕನ್ನಡ ಗ್ರಂಥಭಾಷೆಯು ಮೊದಲನೆಯದನ್ನು ಹ್ರಸ್ವಗೊಳಿಸಿತು. ಆದುದರಿಂದ ಗಡಿನಾಡಿನ ‘ಬಾಜಾರ’ವು ಅಪಭ್ರಂಶವಲ್ಲ, ಮೂಲಕ್ಕೆ ಹೆಚ್ಚು ಹತ್ತಿರವಾದ ರೂಪ. ಇನ್ನು ಪದಾಂತ್ಯ. ಈ ಐದೂ ಊರುಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ರಾಯಬಾಗವಂತೂ 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಬರವಣಿಗೆಯಲ್ಲಿ ವ್ಯಂಜನಾಂತವಾದ ಅನ್ಯದೇಶ್ಯವು ಅಕಾರವನ್ನು ಪಡೆಯುತ್ತದೆ: ಸರಕಾರ, ದರಬಾರ, ಬಜಾರ. ಹಳೆಯ ಮೈಸೂರಿನ ರೂಢಿಯಲ್ಲಿ ಅದು ಉಕಾರವನ್ನು ಪಡೆದು ದರ್ಬಾರು, ಬಜಾರು ಎಂದಾಗುತ್ತದೆ. ‘ಬಜಾರ್’ ಎಂಬುದು ಇವೆರಡನ್ನೂ ಬಿಟ್ಟು, ಇಂಗ್ಲಿಷಿನ ಉಚ್ಚಾರವನ್ನು ಹಿಡಿದು ಬಂದ ರೂಪ.

ಈ ಭೇದವು ಅಕ್ಷರದಲ್ಲಿಯೇ ನಿಲ್ಲುವುದಿಲ್ಲ. ವಿಭಕ್ತಿಯನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಅಕಾರಾಂತಕ್ಕೆ ‘ಬಜಾರದಲ್ಲಿ’, ಉಕಾರಾಂತಕ್ಕೆ ‘ಬಜಾರಿನಲ್ಲಿ’. ಹಲಂತಕ್ಕೆ ‘ಬಜಾರ್‌ನಲ್ಲಿ’ ಎಂಬ ಹೊಲಿಗೆ ಕಾಣುವ ರೂಪ. ರಾಯಬಾಗದವನು ‘ರಾಯಬಾಗದಲ್ಲಿ’ ಎನ್ನುತ್ತಾನೆ, ಕಾಗವಾಡದವನು ‘ಕಾಗವಾಡದಿಂದ’ ಎನ್ನುತ್ತಾನೆ. ದೂರದ ಊರಿನ ಪತ್ರಿಕೆಯು ‘ರಾಯಬಾಗ್‌ನಲ್ಲಿ’ ಎಂದು ಅಚ್ಚುಹಾಕಿದಾಗ ಊರವನಿಗೆ ತನ್ನ ಊರೇ ಪರವೂರಾಗಿ ಕೇಳಿಸುತ್ತದೆ. ಹಾಗಿರುವಾಗ ಈ ಭಾಗದ ಬರಹದಲ್ಲಿ ‘ಜನತಾ ಬಜಾರ’ವೇ ಸಹಜವಾದ ರೂಪವೆಂದು ಹೇಳಬೇಕಾಗುತ್ತದೆ.

ಅಂಗಡಿಯವರು ಬರೆದುದೇ ಪ್ರಮಾಣವೆಂದು ವಾದಿಸುವವರಿಗೆ ನಿಪ್ಪಾಣಿ, ಚಿಕ್ಕೋಡಿಗಳ ಉದಾಹರಣೆಯು ಸಾಕು. ಕನ್ನಡದ ಒತ್ತಕ್ಷರವು ಮರಾಠಿಯಲ್ಲಿ ಬಿದ್ದು ‘ನಿಪಾಣೀ’, ‘ಚಿಕೋಡೀ’ ಆಗಿದೆ. ರೋಮನ್ ಬರಹವು ಒಮ್ಮೆ ಒತ್ತನ್ನಿಟ್ಟು, ಒಮ್ಮೆ ಬಿಟ್ಟು ಎರಡು ದಾರಿಯಲ್ಲಿಯೂ ನಡೆದಿದೆ. ಊರೇ ತನ್ನ ಹೆಸರನ್ನು ಬರಹದಲ್ಲಿ ಒಂದಾಗಿ ಕಾಪಾಡಿಕೊಳ್ಳಲಾರದಿದ್ದರೆ ಅಂಗಡಿಯ ಫಲಕವು ಹೇಗೆ ಪ್ರಮಾಣವಾದೀತು? ಆದರೂ ಹಳೆಯ ರಸೀದಿ, ವರದಿ, ಷೇರುಪತ್ರಗಳನ್ನು ಪ್ರಕಟಿಸುವಾಗ ಇದ್ದ ರೂಪವನ್ನು ತಿದ್ದಲಾಗದು. ‘ಬಾಜಾರ’ವೆಂದಿದ್ದರೆ ಅದು ಬರೆದವನ ನಾಡನ್ನು ತಿಳಿಸುವ ಗುರುತು. ಸೂಚಿಯಲ್ಲಿ ಮಾತ್ರ ಒಂದೇ ಶೀರ್ಷಿಕೆಯಿಟ್ಟು ಉಳಿದ ರೂಪಗಳಿಂದ ಅದರ ಕಡೆಗೆ ನಿರ್ದೇಶ ಕೊಡಬೇಕು. ಇಲ್ಲವಾದರೆ ಅಕಾರಾದಿಯಲ್ಲಿ ‘ಬಜಾರ’ವೊಂದು ಕಡೆ, ‘ಬಾಜಾರ’ವೊಂದು ಕಡೆ ಬಿದ್ದು, ಒಂದೇ ಅಂಗಡಿಯು ಮುಂದಿನ ಸಂಶೋಧಕನಿಗೆ ಎರಡಾಗಿ ತೋರುತ್ತದೆ.