ತಡೆಯುವವನ ವರ್ಗಾವಣೆ ಯಾರ ಕೈಯಲ್ಲಿ?

ನಮ್ಮೂರು ಚಿಮ್ಮನಚೋಡದಲ್ಲಿ ವಿಮಾನ ಹತ್ತಿದವರನ್ನು ಎಣಿಸಿದರೆ ಬೇಗ ಮುಗಿಯುತ್ತದೆ. ಹೈದರಾಬಾದು, ಪುಣೆ, ಬೆಂಗಳೂರು ಎಂದು ಹೋಗಿ ಯಾವುದಾದರೂ ಗೇಟಿನ ಮುಂದೆ ಸೆಕ್ಯುರಿಟಿಯಾಗಿ ನಿಂತು ಬಂದವರನ್ನು ಎಣಿಸಲು ಕೂತರೆ ಹೊತ್ತು ಸಾಲದು. ಆದ್ದರಿಂದ ವಿಮಾನ ನಿಲ್ದಾಣದ ಭದ್ರತೆ ಸರ್ಕಾರದ ಕೈಯಲ್ಲಿರಬೇಕೋ ಖಾಸಗಿ ಕಂಪನಿಯ ಕೈಗೆ ಹೋಗಬೇಕೋ ಎಂಬ ಚರ್ಚೆ ದೊಡ್ಡ ಊರಿನವರದು ಎಂದು ನಾವು ಸುಮ್ಮನಿರಬೇಕಿಲ್ಲ. ವಿಮಾನದ ಬಗ್ಗೆ ನಮಗೆ ಅಷ್ಟಾಗಿ ಗೊತ್ತಿಲ್ಲ, ಗೇಟಿನ ಬಗ್ಗೆ ಚೆನ್ನಾಗಿ ಗೊತ್ತು.

ಈ ವಿಷಯ ತೆಗೆದರೆ ಓದಿದವರ ಬಾಯಲ್ಲಿ ಎರಡು ಮಾತು ಸಿದ್ಧವಾಗಿರುತ್ತವೆ. ನಿಲ್ದಾಣವನ್ನೇ ಖಾಸಗಿಯವರು ಕಟ್ಟಿ ನಡೆಸುವಾಗ ತಪಾಸಣೆಯೊಂದನ್ನು ಸರ್ಕಾರ ಹಿಡಿದುಕೊಂಡು ಕೂತಿರುವುದೇಕೆ, ಯುರೋಪಿನಲ್ಲಿ ಕಂಪನಿಗಳೇ ಮಾಡುತ್ತಿಲ್ಲವೆ ಎನ್ನುವುದು ಒಂದು. ಭದ್ರತೆ ಎಂದ ಮೇಲೆ ಸರ್ಕಾರದ ಮನುಷ್ಯನೇ ಬೇಕು, ಖಾಕಿ ಇದ್ದರೆ ನಂಬಿಕೆ ಎನ್ನುವುದು ಇನ್ನೊಂದು. ಎರಡನೆಯದನ್ನು ನಾನೂ ಬಹಳ ದಿನ ನಂಬಿದ್ದೆ. ಈಗ ಎರಡೂ ಒಂದೇ ಹೊಸ್ತಿಲಲ್ಲಿ ಎಡವುತ್ತವೆ ಅನಿಸುತ್ತದೆ. ಬ್ಯಾಗಿನೊಳಗೆ ಏನಿದೆ ಎಂದು ತೋರಿಸಲು ಯಂತ್ರವಿದೆ. ಎದುರಿಗೆ ಬಂದವನು ಎಂಥವನೇ ಆಗಿರಲಿ, ಅವನನ್ನು ನಿಲ್ಲಿಸಿ ‘ತೆಗೀರಿ’ ಎನ್ನಬೇಕಾದವನು ಮನುಷ್ಯ. ಹಾಗೆಂದ ಮೇಲೆ ಅವನ ಗತಿ ಏನಾಗುತ್ತದೆ ಎಂಬುದರ ಮೇಲೆ ಇಡೀ ಭದ್ರತೆ ನಿಂತಿದೆ.

ಬೇಸಿಗೆಯಲ್ಲಿ ಊರಿಗೆ ಬಂದಿದ್ದ ತಾಂಡಾದ ಹುಡುಗನೊಬ್ಬ ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಮೈಮೇಲೆ ಸೆಕ್ಯುರಿಟಿಯವರ ನೀಲಿ ಅಂಗಿ. ತೋಳಿನ ಮೇಲೆ ಏಜೆನ್ಸಿಯ ಹೆಸರಿನ ಪಟ್ಟಿ ಇತ್ತು. ಅದರ ಸುತ್ತ ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಟೆಂಡರ್ ಬೇರೆಯವರಿಗೆ ಹೋದಾಗ ಪಟ್ಟಿ ಬಿಚ್ಚಿ ಇನ್ನೊಂದು ಹೊಲಿಸಿಕೊಂಡಿದ್ದನಂತೆ. ಅಂಗಿ ಅದೇ, ಮನುಷ್ಯ ಅವನೇ, ಗೇಟೂ ಅದೇ. ಬೂಟಿನ ದುಡ್ಡನ್ನು ಮಾತ್ರ ಹೊಸ ಏಜೆನ್ಸಿಯವರು ಸಂಬಳದಲ್ಲಿ ಮತ್ತೊಮ್ಮೆ ಹಿಡಿದಿದ್ದರು. ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದೆ. ‘ಬಿಡಲಿಲ್ರಿ ಕಾಕಾ, ಬಿಡಿಸಿದ್ರು. ಕಾರಿನ್ಯಾಗ ಬಂದ ಸಾಹೇಬ್ರಿಗೆ ರಿಜಿಸ್ಟರ್‌ನ್ಯಾಗ ಹೆಸರು ಬರೀರಿ ಅಂದೆ. ಅವರು ಗ್ಲಾಸ್ ಇಳಿಸಲಿಲ್ಲ, ನಾ ಗೇಟ್ ತೆಗೀಲಿಲ್ಲ. ಸಂಜೀಕ ಸೂಪರ್‌ವೈಜರ್ ಬಂದು ನಾಳಿಂದ ಬ್ಯಾಡ ಅಂದ.’ ತಡೆಯಬೇಕು ಎಂದು ಹೇಳಿಕೊಟ್ಟವರೇ ತಡೆದದ್ದಕ್ಕೆ ಮನೆಗೆ ಕಳಿಸಿದ್ದರು.

ಖಾಸಗಿ ಭದ್ರತಾ ಏಜೆನ್ಸಿಗಳಿಗೆ ಕಾನೂನೇ ಇಲ್ಲ ಎಂದಲ್ಲ. 2005ರ ಕಾಯ್ದೆ ಇದೆ. ಅದರ ಕೆಳಗೆ ಕೇಂದ್ರ ಮಾಡಿದ ಮಾದರಿ ನಿಯಮಗಳು ಕಾವಲುಗಾರನಿಗೆ 160 ತಾಸಿನ ತರಬೇತಿ ಹೇಳುತ್ತವೆ. ಆದರೆ ಸೇಡಂ, ವಾಡಿ, ಶಹಾಬಾದದ ಸಿಮೆಂಟು ಸೀಮೆಯಲ್ಲಿ ಬೆಳೆದವರು ಗುತ್ತಿಗೆ ಎಂಬ ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕುವುದಿಲ್ಲ. ಕಡಿಮೆ ದರ ಬರೆದವನಿಗೆ ಟೆಂಡರ್. ಆ ಕಡಿಮೆಯನ್ನು ಅವನು ಎಲ್ಲಿಂದ ತುಂಬಿಕೊಳ್ಳುತ್ತಾನೆ ಎಂಬುದು ಡಬಲ್ ಡ್ಯೂಟಿ ಮಾಡಿ ಬೆಳಗಿನ ಬಸ್ಸಿನಲ್ಲಿ ತೂಕಡಿಸುವವರ ಮುಖದಲ್ಲಿ ಕಾಣುತ್ತದೆ.

ಅಮೆರಿಕ ಇದನ್ನು ದೊಡ್ಡ ಬೆಲೆ ತೆತ್ತು ಕಲಿಯಿತು. 2001ರ ಸೆಪ್ಟೆಂಬರ್ 11ರ ದಾಳಿಗೆ ಮುಂಚೆ ಅಲ್ಲಿ ತಪಾಸಣೆ ವಿಮಾನ ಕಂಪನಿಗಳ ಹೊಣೆ. ಅವು ಅದನ್ನು ಏಜೆನ್ಸಿಗಳಿಗೆ ಗುತ್ತಿಗೆ ಕೊಡುತ್ತಿದ್ದವು. ಸಂಬಳ ಕನಿಷ್ಠ ಕೂಲಿಯ ಆಸುಪಾಸು. ಅಲ್ಲಿನ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ ನೋಡಿದಾಗ ದೊಡ್ಡ ನಿಲ್ದಾಣಗಳಲ್ಲಿ ಇಂಥ ನೌಕರರು ವರ್ಷವೊಂದರಲ್ಲಿ ಬಿಟ್ಟುಹೋಗುವ ಪ್ರಮಾಣ ಸರಾಸರಿ ಶೇಕಡ 126 ಇತ್ತು, ಸೇಂಟ್ ಲೂಯಿಸಿನಲ್ಲಿ ಶೇಕಡ 400 ದಾಟಿತ್ತು. ಎಂದರೆ ಒಂದೇ ಕುರ್ಚಿಯಿಂದ ವರ್ಷದಲ್ಲಿ ನಾಲ್ಕು ಜನ ಎದ್ದುಹೋದಂತೆ. ದಾಳಿಯಾದ ಮೇಲೆ, ಅದೇ ವರ್ಷ ನವೆಂಬರ್ 19ರಂದು ಸಹಿಯಾದ ಕಾಯ್ದೆಯಿಂದ ಟಿಎಸ್‌ಎ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು.

ಇಲ್ಲಿಗೆ ನಿಲ್ಲಿಸಿದರೆ ಖಾಕಿಯ ಪಕ್ಷದವರು ಚಪ್ಪಾಳೆ ತಟ್ಟುತ್ತಾರೆ. ಮುಂದಿನದೂ ಕೇಳಬೇಕು. 2015ರಲ್ಲಿ ಅದೇ ಟಿಎಸ್‌ಎಯನ್ನು ಸರ್ಕಾರದವರೇ ಮಫ್ತಿಯಲ್ಲಿ ಪರೀಕ್ಷಿಸಿದರು. ನಕಲಿ ಬಾಂಬು, ಆಯುಧ ಇಟ್ಟುಕೊಂಡು 70 ಸಲ ಹೋದರೆ 67 ಸಲ ಸಲೀಸಾಗಿ ದಾಟಿದರು. ಸಮವಸ್ತ್ರಕ್ಕೆ ಕಣ್ಣಿರುವುದಿಲ್ಲ. ಇತ್ತ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ ಟಿಎಸ್‌ಎ ಮೇಲ್ವಿಚಾರಣೆಯಲ್ಲಿ ಖಾಸಗಿಯವರೇ ತಪಾಸಣೆ ಮಾಡಿಕೊಂಡು ಬಂದಿದ್ದಾರೆ. ನಮ್ಮ ಖಾಸಗೀಕರಣದ ಭಕ್ತರು ಈ ಉದಾಹರಣೆಯನ್ನು ಬಹಳ ಹೇಳುತ್ತಾರೆ; ಅದರ ಷರತ್ತನ್ನು ಹೇಳುವುದಿಲ್ಲ. ಆ ಖಾಸಗಿ ನೌಕರನ ಸಂಬಳ, ಸೌಲಭ್ಯ ಸರ್ಕಾರಿ ನೌಕರನಿಗಿಂತ ಕಡಿಮೆ ಇರಕೂಡದು ಎಂದು ಕಾಯ್ದೆಯಲ್ಲೇ ಬರೆದಿದೆ. ಆ ಷರತ್ತನ್ನು ನಮ್ಮ ಟೆಂಡರಿನಲ್ಲಿ ಹಾಕಿ ನೋಡಿ, ಅರ್ಜಿ ಹಾಕುವವರು ಎಷ್ಟು ಜನ ಉಳಿಯುತ್ತಾರೋ.

ಈಗ ನಮ್ಮ ಖಾಕಿಗೆ ಬರೋಣ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಪಹರಣವಾಗಿ ಕಂದಹಾರ ಸೇರಿತು. ಅಲ್ಲಿಯವರೆಗೆ ನಮ್ಮ ನಿಲ್ದಾಣಗಳಲ್ಲಿ ತಪಾಸಣೆ ಆಯಾ ರಾಜ್ಯದ ಪೊಲೀಸರದು. ಅಪಹರಣಕಾರರು ಹತ್ತಿದ್ದು ನೇಪಾಳದಲ್ಲಿ, ನಮ್ಮ ಪೊಲೀಸರ ಕಣ್ತಪ್ಪು ಅದರಲ್ಲಿ ಇರಲಿಲ್ಲ. ಆದರೂ 2000ದ ಫೆಬ್ರುವರಿ 3ರಂದು ಜೈಪುರದಿಂದ ಶುರುಮಾಡಿ ಒಂದೊಂದೇ ನಿಲ್ದಾಣವನ್ನು ಕೇಂದ್ರ ಸರ್ಕಾರದ ಸಿಐಎಸ್‌ಎಫ್‌ಗೆ ಒಪ್ಪಿಸುತ್ತ ಹೋದರು. 1969ರಲ್ಲಿ ಸರ್ಕಾರಿ ಕಾರ್ಖಾನೆಗಳ ಕಾವಲಿಗೆಂದು ಹುಟ್ಟಿದ ಪಡೆ ಅದು. ಹಾಗೆ ನೋಡಿದರೆ ನಮ್ಮ ವಿಮಾನ ಭದ್ರತೆಯಲ್ಲಾದ ಅತಿ ದೊಡ್ಡ ಬದಲಾವಣೆ ಸರ್ಕಾರದಿಂದ ಸರ್ಕಾರಕ್ಕೆ ಆದದ್ದು. ಹತ್ತಿರದ ಸರ್ಕಾರದಿಂದ ದೂರದ ಸರ್ಕಾರಕ್ಕೆ.

ಈ ದೂರದ ಬೆಲೆ ತಾಲ್ಲೂಕು ಕೇಂದ್ರಗಳಲ್ಲಿ ಬದುಕಿದವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಕಡೆ ಪೊಲೀಸ್ ಪೇದೆಗೆ ವರ್ಗಾವಣೆ ಬೇಕೆಂದರೆ ಯಾರ ಮನೆ ಮುಂದೆ ಲೆಟರಿಗೆ ನಿಲ್ಲಬೇಕು ಎಂಬುದು ಗುಟ್ಟಿನ ವಿಷಯವಲ್ಲ. ಅದೇ ಪೇದೆಯನ್ನು ತಪಾಸಣೆಗೆ ನಿಲ್ಲಿಸಿ, ಲೆಟರು ಕೊಡುವ ಸಾಹೇಬರ ಹಿಂದಿನ ಹತ್ತು ಹುಡುಗರಲ್ಲಿ ಒಬ್ಬನ ಸೊಂಟ ತಡವು ಎಂದರೆ ಅವನ ಕೈ ಎಷ್ಟು ಏಳುತ್ತದೆ? ಅವನು ಹೇಡಿಯಲ್ಲ. ಮಕ್ಕಳ ಶಾಲೆ ಕಲಬುರಗಿಯಲ್ಲಿದೆ, ಅಷ್ಟೇ. ತಪಾಸಣೆಯಿಂದ ವಿನಾಯಿತಿ ಪಡೆದವರ ಪಟ್ಟಿಯಲ್ಲಿ ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳಿದ್ದಾರೆ. ಶಾಸಕರಿಲ್ಲ, ಸಂಸದರೂ ಇಲ್ಲ. ಆದರೆ ಪಟ್ಟಿ ಓದಿಕೊಂಡು ಬರುವ ಶಾಸಕರ ಬೆಂಬಲಿಗರನ್ನು ನಾನು ಕಂಡಿಲ್ಲ. ನಮ್ಮ ನೆರೆಯ ಉಸ್ಮಾನಾಬಾದಿನ ಸಂಸದರೊಬ್ಬರು 2017ರ ಮಾರ್ಚ್‌ನಲ್ಲಿ ವಿಮಾನದ ಸೀಟಿನ ತಕರಾರಿಗೆ ಏರ್ ಇಂಡಿಯಾ ನೌಕರನನ್ನು ಚಪ್ಪಲಿಯಿಂದ ಹೊಡೆದೆ ಎಂದು ತಾವೇ ಟಿವಿಯವರ ಮುಂದೆ ಹೇಳಿಕೊಂಡಿದ್ದರು. ಏರ್ ಇಂಡಿಯಾ ಆಗ ಸರ್ಕಾರದ್ದೇ ಕಂಪನಿ.

ಸಿಐಎಸ್‌ಎಫ್‌ನ ಜವಾನ ಇಂಥದ್ದನ್ನೆಲ್ಲ ಗೆದ್ದವನು ಎಂದು ನಾನು ಹೇಳಲಾರೆ. ಅವನ ಅನುಕೂಲ ಒಂದೇ: ಅವನ ವರ್ಗಾವಣೆ ಕಡತ ನಮ್ಮ ಜಿಲ್ಲೆಯ ಯಾವ ಬಂಗಲೆಗೂ ಬರುವುದಿಲ್ಲ. ಇಲ್ಲಿಯ ಗೌಡ ಯಾರು, ಸಾಹುಕಾರ ಯಾರು ಅವನಿಗೆ ತಿಳಿಯದು. ತಿಳಿಯದಿರುವುದೇ ಅವನ ಅರ್ಹತೆ. 2020ರ ಜನವರಿ 20ರಂದು ಮಂಗಳೂರು ನಿಲ್ದಾಣದಲ್ಲಿ ವಾರಸುದಾರರಿಲ್ಲದೆ ಬಿದ್ದಿದ್ದ ಬ್ಯಾಗಿನ ಮೇಲೆ ಅನುಮಾನಪಟ್ಟವರು ಆ ಪಡೆಯವರೇ. ಒಳಗೆ ಸ್ಫೋಟಕವಿತ್ತು, ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದರು. ಇಟ್ಟವನು ಎರಡು ದಿನದಲ್ಲಿ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದ. ಅವನ ಸಿಟ್ಟಿನ ಮೂಲ ಪತ್ರಿಕೆಗಳಲ್ಲಿ ಬಂತು: ಬೆಂಗಳೂರು ನಿಲ್ದಾಣದಲ್ಲಿ ಸೆಕ್ಯುರಿಟಿ ಕೆಲಸ ಕೇಳಿಕೊಂಡು ಹೋಗಿದ್ದ, ಸಿಕ್ಕಿರಲಿಲ್ಲ.

ಬೆಂಗಳೂರು ಎಂದೆನಲ್ಲ, ದೇವನಹಳ್ಳಿಯ ನಿಲ್ದಾಣ 2008ರ ಮೇ 24ರಂದು ಶುರುವಾದದ್ದೇ ಖಾಸಗಿ ಕಂಪನಿಯ ಕೈಯಲ್ಲಿ. ತಪಾಸಣೆ ಸಿಐಎಸ್‌ಎಫ್‌ನದು. ಆ ಕಾರಣಕ್ಕೆ ನಿಲ್ದಾಣ ಬೆಳೆಯದೆ ನಿಂತಿತೆ? ಸರ್ಕಾರಕ್ಕೆ ಖರ್ಚು ಎನ್ನುವ ವಾದವೂ ಪೊಳ್ಳು. 2021ರ ಏಪ್ರಿಲ್‌ನಿಂದ ದೇಶದೊಳಗಿನ ಟಿಕೆಟ್ಟಿನಲ್ಲಿ ಭದ್ರತಾ ಶುಲ್ಕವೆಂದು 200 ರೂಪಾಯಿ ಪ್ರಯಾಣಿಕನಿಂದಲೇ ಹಿಡಿಯುತ್ತಾರೆ. ಇನ್ನು ಖಾಸಗಿಯವರಿಗೆ ಜಾಗವೇ ಇಲ್ಲ ಎನ್ನುವುದೂ ಸರಿಯಲ್ಲ. ದೊಡ್ಡ ನಿಲ್ದಾಣಗಳಲ್ಲಿ ನಾವು ಕೌಂಟರಿನಲ್ಲಿ ಒಪ್ಪಿಸಿದ ಪೆಟ್ಟಿಗೆಯನ್ನು ಎಕ್ಸ್‌ರೇಯಲ್ಲಿ ನೋಡುವವರು ಕಂಪನಿಯ ನೌಕರರೇ. 2022ರಲ್ಲಿ ಸುಮಾರು 3,000 ಸಿಐಎಸ್‌ಎಫ್ ಹುದ್ದೆಗಳನ್ನು ತೆಗೆದು, ಸರತಿ ನೋಡಿಕೊಳ್ಳುವಂಥ ಕೆಲಸಗಳನ್ನು ಖಾಸಗಿಯವರಿಗೆ ಬಿಡುವ ನಿರ್ಧಾರವೂ ಆಯಿತು. ಅದಕ್ಕೆ ನನ್ನ ತಕರಾರಿಲ್ಲ. ಟ್ರಾಲಿ, ಪಾರ್ಕಿಂಗು, ಸರತಿ ಎಲ್ಲ ಊರ ಹುಡುಗರಿಗೆ ಸಿಗಲಿ. ಮೈಮೇಲೆ, ಕೈಚೀಲದ ಮೇಲೆ ಇಡುವ ಕೈಯೊಂದು ಮಾತ್ರ ಊರಿನದಾಗಿರಬಾರದು.

ಇದಕ್ಕೆ ಒಂದು ಆಕ್ಷೇಪ ಇದೆ, ಹಗುರವಾದದ್ದಲ್ಲ. ದೂರದವನು ಎಂದರೆ ಬಹುತೇಕ ಹಿಂದಿಯವನು. ಕನ್ನಡದ ನೆಲದಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಬಂದಾಗ ಆಗುವ ಉರಿ ನನಗೂ ಆಗುತ್ತದೆ. ಚಿಂಚೋಳಿ ಸೀಮೆಯ ನಾವು ದಖನಿ, ತೆಲುಗು, ಲಂಬಾಣಿ ಕಲಸಿ ಹೇಗೋ ನಿಭಾಯಿಸುತ್ತೇವೆ. ಮಗನ ಮನೆಗೆ ಒಬ್ಬಳೇ ಹೊರಟ ಮುದುಕಿ ಹೊಲದ ಕಡೆಯ ಕನ್ನಡದಲ್ಲಿ ‘ಯಪ್ಪಾ, ಇದು ಉಪ್ಪಿನಕಾಯಿ’ ಎಂದರೆ ಆ ಹುಡುಗನಿಗೆ ತಿಳಿಯಬೇಕಲ್ಲ. ಹಾಗೆಂದು ಮದ್ದು ಇಲ್ಲದ ರೋಗವಲ್ಲ ಇದು. ಕೇಂದ್ರ ಪಡೆಗಳ ಪೇದೆ ಹುದ್ದೆಯ ಪರೀಕ್ಷೆ 2024ರಿಂದ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ಬಳ್ಳಾರಿಯ ಹುಡುಗ ಕಲಬುರಗಿಗೆ ದೂರದವನೇ, ಕನ್ನಡದವನೂ ಹೌದು.

2019ರ ನವೆಂಬರ್ 22ರಂದು ಕಲಬುರಗಿ-ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯಲ್ಲಿ ನಮಗೂ ಒಂದು ನಿಲ್ದಾಣವಾಯಿತು. ರಾಜ್ಯದ ಸಣ್ಣ ನಿಲ್ದಾಣಗಳಲ್ಲಿ ತಪಾಸಣೆ ಹೆಚ್ಚಾಗಿ ರಾಜ್ಯ ಪೊಲೀಸರ ಪಾಲಿಗೇ ಬಂದಿದೆ. ಸಣ್ಣದು, ವಿಮಾನ ಕಡಿಮೆ, ಸಾಕು ಎನ್ನುತ್ತಾರೆ. ಸಣ್ಣ ನಿಲ್ದಾಣದಲ್ಲೇ ದೊಡ್ಡವರ ಗುರುತು ಹೆಚ್ಚು ಎಂಬುದನ್ನು ಮರೆಯುತ್ತಾರೆ. ನಾಗರಿಕ ವಿಮಾನಯಾನ ಇಲಾಖೆಯೂ ರಾಜ್ಯ ಸರ್ಕಾರವೂ ಕೂತು ಈ ಸಣ್ಣ ನಿಲ್ದಾಣಗಳ ತಪಾಸಣೆಯನ್ನು ಮೊದಲು ಕೇಂದ್ರ ಪಡೆಗೆ ಒಪ್ಪಿಸಲಿ, ಪ್ರತಿ ಪಾಳಿಯಲ್ಲಿ ಕನ್ನಡ ಬಲ್ಲವರು ಇಬ್ಬರಾದರೂ ಇರಲಿ. ಆಮೇಲೆ ಬೇಕಾದರೆ ಖಾಸಗಿಯ ಮಾತು ತೆಗೆಯಿರಿ. ತೆಗೆಯುವ ಮುನ್ನ ಟೆಂಡರಿನಲ್ಲಿ ಸಂಬಳದ ಸಾಲನ್ನೂ, ತಡೆದವನನ್ನು ಸಂಜೆಗೆ ಮನೆಗೆ ಕಳಿಸುವಂತಿಲ್ಲ ಎಂಬ ಸಾಲನ್ನೂ ಬರೆದು ತನ್ನಿ.